ಅಂಟುವಾಳದ ನೀರಿನಲ್ಲಿ ಅಣುಗಳ ಕೂಟ

ಬೆಳಗಾವಿಯ ರವಿವಾರ ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಬಣ್ಣಬಣ್ಣದ ಸಾಬೂನುಗಳ ಪಕ್ಕದಲ್ಲಿಯೇ ಇಂದಿಗೂ ಅಂಟುವಾಳದ ಕಾಯಿ ದೊರೆಯುತ್ತದೆ. ಕನ್ನಡದವರು ಅಂಟುವಾಳವೆಂದು ಕೇಳಿದರೂ, ಮರಾಠಿಯವರು ರಿಠಾ ಎಂದು ಕೇಳಿದರೂ ಅಂಗಡಿಯವನ ಕೈ ಒಂದೇ ಚೀಲದತ್ತ ಹೋಗುತ್ತದೆ. ಪತ್ತಾರರಿಗೆ ಬೆಳ್ಳಿ ಬಂಗಾರದ ಒಡವೆಗಳನ್ನು ಬೆಳಗಲು ಅದು ಬೇಕು. ರೇಷ್ಮೆಯ ಸೀರೆಯನ್ನು ಕಟುವಾದ ಪುಡಿಯಲ್ಲಿ ಅದ್ದಲು ಅಂಜುವ ಗೃಹಿಣಿಯರಿಗೂ ಅದು ಬೇಕು. ಶಹಾಪುರ, ವಡಗಾವಿಗಳಂತಹ ನೇಕಾರರ ನೆಲೆಗಳಿರುವ ಊರಿನಲ್ಲಿ ಸೀರೆಯ ಬಣ್ಣ ಕೆಡದಂತೆ ಒಗೆಯುವ ವಿದ್ಯೆಗೆ ಬೆಲೆಯುಂಟು. ಇನ್ನು ತಲೆಗೂದಲಿಗೆ ಸೀಗೆಯಿದ್ದೇ ಇದೆ.

ಖಾನಾಪುರದ ಕಡೆಗೆ ನಡೆದರೆ ಸೀಗೆಯ ಮುಳ್ಳುಬಳ್ಳಿ ಅಂಗಡಿಯ ಸರಕಲ್ಲ, ಕಾಡಿನ ಸಂಪತ್ತು. ಆ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ಪಟ್ಟಣದ ಪಕ್ಕದಲ್ಲಿ ಹರಿದು, ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ನದಿಯ ದಡದ ಕಲ್ಲುಗಳ ಮೇಲೆ ಎಷ್ಟು ತಲೆಮಾರುಗಳ ಬಟ್ಟೆ ಸೀಗೆ, ಅಂಟುವಾಳ, ಚೌಳುಮಣ್ಣುಗಳಿಂದ ಬೆಳ್ಳಗಾಯಿತೋ ಲೆಕ್ಕವಿಟ್ಟವರಿಲ್ಲ. ಆಮೇಲೆ ಸಬಕಾರ ಬಂತು. ಅದರ ಹಿಂದೆ ಕೃತಕ ಮಾರ್ಜಕದ ಪುಡಿಯೂ ಬಂತು. ಸಾಮಗ್ರಿ ಬದಲಾದರೂ ನೀರಿನೊಳಗೆ ನಡೆಯುವ ಕೆಲಸ ಬದಲಾಗಲಿಲ್ಲ. ಆ ಕೆಲಸವಾವುದು, ಕಣ್ಣಿಗೆ ಕಾಣದ ಅದನ್ನು ವಿಜ್ಞಾನಿಗಳು ಬೆಳಕಿನ ನೆರವಿನಿಂದ ಹೇಗೆ ಕಂಡುಕೊಂಡರು, ಅದನ್ನರಿತರೆ ನಮ್ಮ ಬಕೀಟಿಗೂ ನಮ್ಮ ಹೊಳೆಗೂ ಏನು ಲಾಭ ಎಂಬುದನ್ನು ಈ ವಾರ ನೋಡೋಣ.

ಎರಡು ಸ್ವಭಾವದ ಅಣು

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಸಾಬೂನಿನ ಅಣುವಾದರೋ ಎರಡು ಸ್ವಭಾವಗಳನ್ನು ಒಂದೇ ಒಡಲಿನಲ್ಲಿ ಹೊತ್ತಿದೆ. ಅದರ ಒಂದು ತುದಿಯಲ್ಲಿ ವಿದ್ಯುದಾವೇಶವುಳ್ಳ ತಲೆಯಿದೆ. ಅದಕ್ಕೆ ನೀರೆಂದರೆ ಪ್ರೀತಿ. ಉಳಿದುದೆಲ್ಲ ಇಂಗಾಲದ ಪರಮಾಣುಗಳು ಸಾಲಾಗಿ ಪೋಣಿಸಲ್ಪಟ್ಟ ಉದ್ದನೆಯ ಬಾಲ. ಪ್ರತಿ ಇಂಗಾಲಕ್ಕೂ ಜಲಜನಕದ ಪರಮಾಣುಗಳು ಅಂಟಿಕೊಂಡಿರುತ್ತವೆ. ಈ ಬಾಲ ಎಣ್ಣೆಯ ಜಾತಿಯದು. ನೀರಿನೊಡನೆ ಅದಕ್ಕೆ ಹೊಂದಿಕೆಯಿಲ್ಲ. ತೆಂಗಿನೆಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರಲ್ಲಿ ಇಂಗಾಲದ ಪರಮಾಣುಗಳು 12. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ನಿನ ರೂಪವೇನೋ ಬೇರೆ. ಅಲ್ಲಿ ಎಣ್ಣೆಯ ಸ್ವಭಾವದ ಉಂಗುರಗಳ ಗಟ್ಟಿಯಾದ ಚೌಕಟ್ಟಿಗೆ ಸಕ್ಕರೆಯ ಅಣುಗಳ ಕೈಗಳು ಅಂಟಿಕೊಂಡಿವೆ. ಆದರೂ ನೀತಿ ಒಂದೇ. ಒಂದು ಭಾಗ ನೀರಿಗೆ ಒಲಿದದ್ದು, ಇನ್ನೊಂದು ಭಾಗ ಜಿಡ್ಡಿಗೆ ಒಲಿದದ್ದು.

ಇಂತಹ ಅಣುಗಳನ್ನು ನೀರಿಗೆ ಹಾಕಿದರೆ ಅವು ಮೊದಲು ನೀರಿನ ಮೇಲ್ಮೈಯನ್ನು ಸೇರುತ್ತವೆ. ತಲೆಯನ್ನು ನೀರಿನಲ್ಲಿಟ್ಟು ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಮೇಲ್ಮೈಯಲ್ಲಿ ಸ್ಥಳ ತುಂಬಿದ ಮೇಲೆ ಗತಿಯೇನು? ಬಾಲಗಳು ನೀರಿನ ನಡುವೆಯೇ ಇರಬೇಕಾದಾಗ ಅವುಗಳ ಸುತ್ತಲಿನ ನೀರಿನ ಅಣುಗಳು ಸಹಜವಾದ ಓಡಾಟವನ್ನು ಬಿಟ್ಟು ಒಂದು ವಿಧವಾದ ಕಟ್ಟುಪಾಡಿಗೆ ಸಿಲುಕುತ್ತವೆ. ಬಾಲಗಳೆಲ್ಲ ಒಂದೆಡೆ ಒಟ್ಟುಗೂಡಿದರೆ ಆ ನೀರಿಗೆ ಬಿಡುಗಡೆ. ಆದುದರಿಂದ ಅಣುಗಳ ಸಂಖ್ಯೆ ಒಂದು ಮಿತಿಯನ್ನು ದಾಟಿದೊಡನೆ ಹತ್ತಾರು ಅಣುಗಳು ಬಾಲಗಳನ್ನು ಒಳಗಿಟ್ಟು, ತಲೆಗಳನ್ನು ಹೊರಗಿಟ್ಟು, ಉಂಡೆಯಾಕಾರದ ಕೂಟವನ್ನು ರಚಿಸಿಕೊಳ್ಳುತ್ತವೆ. ಈ ಕೂಟಕ್ಕೆ ಮಿಸೆಲ್ ಎಂದು ಹೆಸರು. ಬಟ್ಟೆಯ ಜಿಡ್ಡು ಈ ಉಂಡೆಯ ಎಣ್ಣೆಗರ್ಭದೊಳಗೆ ಅಡಗಿ ನೀರಿನೊಡನೆ ಹೊರಟುಹೋಗುತ್ತದೆ. ಕೂಟ ಆರಂಭವಾಗುವ ಆ ಮಿತಿಯನ್ನು ನಿರ್ಣಾಯಕ ಮಿಸೆಲ್ ಸಾರತೆ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಸುಲಭಕ್ಕಾಗಿ ಕೂಟದ ಮಿತಿ ಎಂದು ಕರೆಯೋಣ.

ಪ್ರಯೋಗಶಾಲೆಗಳಲ್ಲಿ ಅಚ್ಚುಮೆಚ್ಚಿನ ಮಾದರಿಯಾದ ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ವಸ್ತುವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಲೆ ತೊಳೆಯುವ ಶಾಂಪೂಗಳಲ್ಲಿ ಅದರ ಬಂಧುಗಳೇ ಇರುತ್ತವೆ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ಶುದ್ಧ ನೀರಿಗೆ ಸುಮಾರು 2.4 ಗ್ರಾಂ ಸೇರಿದಾಗ ಕೂಟಗಳು ಹುಟ್ಟತೊಡಗುತ್ತವೆ. ಒಂದೊಂದು ಕೂಟದಲ್ಲಿ 60ರ ಆಸುಪಾಸಿನಷ್ಟು ಅಣುಗಳು. ಕೂಟದ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ನಾಲ್ಕೈದು ಪಾಲು ಮಾತ್ರ. ಬಾಲ ಉದ್ದವಾದಷ್ಟೂ ಈ ಮಿತಿ ಇಳಿಯುತ್ತದೆ. ಸಾಬೂನಿನ ಜಾತಿಯ ಲವಣಗಳಲ್ಲಿ ಎರಡು ಇಂಗಾಲ ಹೆಚ್ಚಿದರೆ ಮಿತಿ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು ವಾಡಿಕೆ.

ಒಪ್ಪಲಾರದ ಲೆಕ್ಕ

ಈ ಕಲ್ಪನೆ ಸುಲಭವಾಗಿ ಅಂಗೀಕೃತವಾಯಿತೆಂದು ವಾಚಕರು ಭಾವಿಸಬಾರದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಧ್ಯಾಪಕರಾಗಿದ್ದ ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್ ಎಂಬ ಕೆನಡಾ ದೇಶೀಯರು ಸಾಬೂನಿನ ದ್ರಾವಣಗಳ ಲೆಕ್ಕವನ್ನು ಒಪ್ಪಗೊಳಿಸಲಾರದೆ ತಲೆ ಕೆಡಿಸಿಕೊಂಡಿದ್ದರು. ದ್ರಾವಣದ ಹೆಪ್ಪುಗಟ್ಟುವ ಬಿಂದುವಿನಂತಹ ಗುಣಗಳನ್ನು ಅಳೆದರೆ ಅದರಲ್ಲಿ ಕಣಗಳು ಬಹಳ ಕಡಮೆಯೆಂದು ತೋರುತ್ತಿತ್ತು. ವಿದ್ಯುತ್ತನ್ನು ಹರಿಸಿ ನೋಡಿದರೆ ಅಷ್ಟು ಕಡಮೆ ಕಣಗಳಿಂದ ಸಾಧ್ಯವಿಲ್ಲದಷ್ಟು ಚೆನ್ನಾಗಿ ಅದು ಹರಿಯುತ್ತಿತ್ತು. ಎಣಿಕೆಯಲ್ಲಿ ಕಡಮೆ, ಹೊರುವುದರಲ್ಲಿ ಹೆಚ್ಚು! ಹಲವು ಅಯಾನುಗಳು ಒಂದಾಗಿ ಸಾಗುತ್ತಿವೆಯೆಂದರೆ ಮಾತ್ರ ಎರಡೂ ಕೂಡಿಬರುತ್ತವೆ. ಸಂತೆಗೆ ಅರವತ್ತು ಮೂಟೆಗಳನ್ನು ಅರವತ್ತು ಜನ ಹೊತ್ತು ಹೋಗುವುದಕ್ಕೂ, ಒಂದೇ ಬಂಡಿಯಲ್ಲಿ ಹೇರಿ ಸಾಗಿಸುವುದಕ್ಕೂ ಇರುವ ವ್ಯತ್ಯಾಸವಿದು. ದಾರಿಯಲ್ಲಿ ಕಾಣುವುದು ಒಂದು ಬಂಡಿ. ಸರಕು ಅರವತ್ತು ಮೂಟೆ. 1913ರಲ್ಲಿ ಮ್ಯಾಕ್‌ಬೇನರು ಈ ಊಹೆಯನ್ನು ಮುಂದಿಟ್ಟರು. ಲಂಡನ್ನಿನ ವಿದ್ವತ್ಸಭೆಯೊಂದರಲ್ಲಿ ಅಧ್ಯಕ್ಷರು ಅದನ್ನು ಹುರುಳಿಲ್ಲದ ಮಾತೆಂದು ತಳ್ಳಿಹಾಕಿದರೆಂಬ ಕಥೆ ರಸಾಯನಶಾಸ್ತ್ರಜ್ಞರಲ್ಲಿ ಈಗಲೂ ಪ್ರಚಲಿತವಾಗಿದೆ. 1936ರಲ್ಲಿ ಹಾರ್ಟ್‌ಲಿ ಎಂಬವರು ಕೂಟ ಉಂಡೆಯಾಕಾರದ್ದೆಂದೂ ಅದರ ಒಳಭಾಗ ಎಣ್ಣೆಯಂತೆ ದ್ರವವಾಗಿರುವುದೆಂದೂ ಚಿತ್ರಿಸಿದರು.

ಈ ಮ್ಯಾಕ್‌ಬೇನರಿಗೂ ನಮ್ಮ ಸೀಮೆಗೂ ಒಂದು ನಂಟುಂಟು. ಸ್ವತಂತ್ರ ಭಾರತ ಪುಣೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು 1950ರಲ್ಲಿ ತೆರೆದಾಗ ಅದರ ಮೊದಲ ನಿರ್ದೇಶಕರಾದವರು ಇವರೇ. ಪುಣೆಯಿಂದ ಹೊರಟ ರೈಲುಹಾದಿ ಮಿರಜವನ್ನು ಹಾಯ್ದು ಬೆಳಗಾವಿ, ಖಾನಾಪುರಗಳ ಮೇಲೆ ಲೋಂಡಾಕ್ಕೆ ಬರುತ್ತದೆ. ಮಿಸೆಲ್ಲಿನ ಕಲ್ಪನೆಯನ್ನು ಲೋಕಕ್ಕೆ ಕೊಟ್ಟವರು ತಮ್ಮ ಇಳಿವಯಸ್ಸಿನಲ್ಲಿ ಅದೇ ಹಾದಿಯ ಮೇಲಿನ ಊರಿನಲ್ಲಿ ನೆಲೆಸಿ ಒಂದು ಸಂಸ್ಥೆಯನ್ನು ಕಟ್ಟಿದರು.

ತಂಬೂರಿಯಿಂದ ಅಣುವಿನವರೆಗೆ

ಕೂಟವುಂಟೆಂದು ವಿದ್ಯುತ್ತು ಹೇಳಿತು. ಆದರೆ ಕೂಟದ ಒಳಗೇನಿದೆ? ಬಾಲಗಳು ಸೆಟೆದು ನಿಂತಿವೆಯೆ, ಬಳಕಿ ಬಾಗಿವೆಯೆ? ಒಳಗೆ ನೀರು ನುಗ್ಗಿದೆಯೆ? ವಿದ್ಯುತ್ತಿಗೆ ಈ ಸಂಗತಿ ತಿಳಿಯದು. ಇದಕ್ಕೆ ಅಣುಗಳ ನಾದವನ್ನೇ ಕೇಳಬೇಕಾಯಿತು.

ಅದೇ ಹಾದಿಯ ಮಿರಜ ತಂಬೂರಿ, ಸಿತಾರುಗಳ ತಯಾರಿಕೆಗೆ ಹೆಸರಾದ ಊರು. ತಂತಿಯನ್ನು ಬಿಗಿದಷ್ಟೂ ಶ್ರುತಿ ಏರುತ್ತದೆ. ತಂತಿ ದಪ್ಪವಾದಷ್ಟೂ ಇಳಿಯುತ್ತದೆ. ಅಣುವಿನೊಳಗಿನ ಎರಡು ಪರಮಾಣುಗಳ ನಡುವಿನ ಬಂಧವೂ ಹೀಗೆಯೇ ಮಿಡಿಯುತ್ತಿರುತ್ತದೆ. ಬಂಧ ಬಿಗಿಯಾಗಿದ್ದರೆ ಕಂಪನ ಶೀಘ್ರ. ಪರಮಾಣು ಭಾರವಾಗಿದ್ದರೆ ಕಂಪನ ನಿಧಾನ. ಇಂಗಾಲಕ್ಕೆ ಅಂಟಿದ ಹಗುರವಾದ ಜಲಜನಕ ಸೆಕೆಂಡಿಗೆ ಸುಮಾರು 85 ಲಕ್ಷ ಕೋಟಿ ಸಲ ಮಿಡಿಯುತ್ತದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಬರೆಯುವ ಗೋಜಿಗೆ ಹೋಗದೆ ವಿಜ್ಞಾನಿಗಳು ಒಂದು ಸೆಂಟಿಮೀಟರಿನಲ್ಲಿ ಅಡಗುವ ತರಂಗಗಳ ಸಂಖ್ಯೆಯನ್ನು ಹೇಳುತ್ತಾರೆ. ಆ ಲೆಕ್ಕದಲ್ಲಿ ಈ ಮಿಡಿತ 2850ರ ಆಸುಪಾಸಿನದು.

ಇದನ್ನು ಕೇಳುವ ಬಗೆ ಎರಡು. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ವಸ್ತುವಿನ ಮೂಲಕ ಹಾಯಿಸಿ, ಯಾವ ಕಿರಣಗಳು ಹೀರಲ್ಪಟ್ಟವೆಂದು ನೋಡುವುದು ಒಂದು. ಎರಡನೆಯದು ನಮ್ಮ ದೇಶದಲ್ಲಿಯೇ ಹುಟ್ಟಿದ ವಿಧಾನ. 1921ರಲ್ಲಿ ತಂಬೂರಿ, ವೀಣೆಗಳ ನಾದವನ್ನು ಕುರಿತು ಪ್ರಬಂಧ ಬರೆದಿದ್ದ ಚಂದ್ರಶೇಖರ ವೆಂಕಟ ರಾಮನ್ನರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕೆ. ಎಸ್. ಕೃಷ್ಣನ್ನರ ಸಹಾಯದಿಂದ ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಬಿಟ್ಟರೆ, ಚದರಿ ಬಂದ ಬೆಳಕಿನಲ್ಲಿ ಬಹು ಸ್ವಲ್ಪ ಭಾಗ ಬೇರೆ ಬಣ್ಣ ತಾಳಿರುತ್ತದೆ. ಅಣು ತನ್ನ ಮಿಡಿತಕ್ಕೆ ಬೇಕಾದ ಶಕ್ತಿಯನ್ನು ಬೆಳಕಿನಿಂದ ಸುಂಕದಂತೆ ವಸೂಲು ಮಾಡಿಕೊಳ್ಳುವುದೇ ಕಾರಣ. ಎಷ್ಟು ಸುಂಕ ಕಟ್ಟಿತೆಂದು ಲೆಕ್ಕ ಹಾಕಿದರೆ ಯಾವ ಬಂಧ ಮಿಡಿಯಿತೆಂದು ತಿಳಿಯುತ್ತದೆ. ಇಂದಿನ ಉಪಕರಣಗಳಲ್ಲಿ 532 ನ್ಯಾನೊಮೀಟರಿನ ಹಸುರು ಲೇಸರ್ ಬೆಳಕನ್ನು ಸಾಬೂನಿನ ನೀರಿಗೆ ಬಿಟ್ಟರೆ, ಇಂಗಾಲ–ಜಲಜನಕದ ಬಂಧಕ್ಕೆ ಸುಂಕ ತೆತ್ತ ಬೆಳಕು 627 ನ್ಯಾನೊಮೀಟರಿನ ಕೆಂಪಾಗಿ ಹೊರಬೀಳುತ್ತದೆ. ಅವರ ಮೊದಲ ವರದಿಯಲ್ಲಿಯೇ ಸುಮಾರು 60 ದ್ರವಗಳಲ್ಲಿ ಈ ಪರಿಣಾಮವನ್ನು ಕಂಡುದಾಗಿ ತಿಳಿಸಿದ್ದರು. 1930ರಲ್ಲಿ ನೊಬೆಲ್ ಬಹುಮಾನ ಪಡೆದ ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು, ತಮ್ಮ ಉಳಿದ ಬಾಳನ್ನು ನಮ್ಮ ನಾಡಿನಲ್ಲಿಯೇ ಕಳೆದರು.

ಕೂಟ ಸೇರಿದುದು ತಿಳಿಯುವ ಬಗೆ

ಈ ಎರಡು ವಿಧಾನಗಳಲ್ಲಿ ಸಾಬೂನಿನ ನೀರಿಗೆ ಯಾವುದು ಮೇಲು? ಅವಗೆಂಪು ಕಿರಣಕ್ಕೆ ನೀರೇ ದೊಡ್ಡ ಅಡ್ಡಿ. 3400 ಮತ್ತು 1640ರ ಸುತ್ತಮುತ್ತ ನೀರು ಅದನ್ನು ಒಂದೇ ಗುಟುಕಿನಲ್ಲಿ ಕುಡಿದುಬಿಡುತ್ತದೆ. ಆದಕಾರಣ ದ್ರಾವಣವನ್ನು ಒಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ತೆಳ್ಳನೆಯ ಪೊರೆಯಾಗಿ ಹಿಡಿಯಬೇಕಾಗುತ್ತದೆ; ಇಲ್ಲವೆ ಸಾಮಾನ್ಯ ನೀರಿಗೆ ಬದಲಾಗಿ ಭಾರಜಲವನ್ನು ಬಳಸಬೇಕಾಗುತ್ತದೆ. ಭಾರಜಲದ ಮಿಡಿತಗಳು ಕೆಳಗಿನ ಸ್ಥಾಯಿಗೆ ಇಳಿದಿರುವುದರಿಂದ ಅವು ಅಡ್ಡಬರುವುದಿಲ್ಲ. ಸ್ಫಟಿಕವೊಂದರ ಒಳಮೈಯಿಂದ ಕಿರಣವನ್ನು ಪ್ರತಿಫಲಿಸಿ, ಅದಕ್ಕೆ ತಾಗಿದ ದ್ರಾವಣದ ಅತಿ ತೆಳುವಾದ ಪದರವನ್ನು ಮಾತ್ರ ಪರೀಕ್ಷಿಸುವ ಉಪಾಯವೂ ಇದೆ. ರಾಮನ್ ವಿಧಾನದಲ್ಲಾದರೋ ನೀರು ಬಹು ಸಂಕೋಚದ ಅತಿಥಿ. ಅದು ಬೆಳಕನ್ನು ಅಷ್ಟಾಗಿ ಚದರಿಸುವುದಿಲ್ಲ. ಗಾಜಿನ ಸಣ್ಣ ಸೀಸೆಯಲ್ಲಿ ದ್ರಾವಣವಿಟ್ಟರೂ ಸಾಕು.

ಇನ್ನು ಅಣುವಿನ ಸಾಕ್ಷ್ಯವನ್ನು ಕೇಳೋಣ. ಬಾಲ ಒಂಟಿಯಾಗಿ ನೀರಿನ ನಡುವೆ ಇದ್ದಾಗ ಅದರ ಇಂಗಾಲ–ಜಲಜನಕ ಬಂಧಗಳ ಮಿಡಿತ ಒಂದು ಶ್ರುತಿಯಲ್ಲಿರುತ್ತದೆ. ಅದೇ ಬಾಲ ಕೂಟದೊಳಗೆ ಸೇರಿ ತನ್ನಂತಹ ಇತರ ಬಾಲಗಳ ನಡುವೆ ನೆಲೆಸಿದಾಗ ಆ ಶ್ರುತಿ ಕೆಲವೇ ಅಂಕಗಳಷ್ಟು ಇಳಿಯುತ್ತದೆ. 2850, 2920ರ ಆಸುಪಾಸಿನ ಸಂಖ್ಯೆಯಲ್ಲಿ ಕೆಲವು ಅಂಕಗಳೆಂದರೆ ಏನೂ ಅಲ್ಲವೆಂದು ತೋರಬಹುದು. ನುರಿತ ಗಾಯಕನ ಕಿವಿಗೆ ಶ್ರುತಿಭೇದ ತಿಳಿಯುವಂತೆ ಉಪಕರಣಕ್ಕೆ ಅದು ತಿಳಿಯುತ್ತದೆ. ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಗಾಢಗೊಳಿಸುತ್ತ, ಪ್ರತಿಯೊಂದಕ್ಕೂ ಈ ಸಂಖ್ಯೆಯನ್ನು ಅಳೆದು ರೇಖಾಚಿತ್ರ ಬರೆದರೆ, ಮೊದಲು ಗೆರೆ ಮಟ್ಟಸವಾಗಿ ನಡೆದು ಒಂದು ತಾಣದಲ್ಲಿ ಕೆಳಕ್ಕೆ ಬಾಗುತ್ತದೆ. ಆ ಬಾಗೇ ಕೂಟದ ಮಿತಿ. ಅಲ್ಲಿಂದಾಚೆಗೆ ಹೊಸದಾಗಿ ಬಂದ ಅಣುಗಳೆಲ್ಲ ಬಹುಪಾಲು ಕೂಟಗಳನ್ನೇ ಸೇರುವುದರಿಂದ ಸರಾಸರಿ ಶ್ರುತಿ ಇಳಿಯುತ್ತ ಹೋಗುತ್ತದೆ.

ಇನ್ನೊಂದು ಸುದ್ದಿಯೂ ಇದರಿಂದ ದೊರೆಯುತ್ತದೆ. ಬಾಲ ನೆಟ್ಟಗೆ ಸೆಟೆದಿದ್ದರೆ ಇಂಗಾಲ–ಇಂಗಾಲ ಬಂಧಗಳು ರಾಮನ್ ರೋಹಿತದಲ್ಲಿ 1060 ಮತ್ತು 1130ರ ಸಮೀಪ ಗೆರೆ ಮೂಡಿಸುತ್ತವೆ. ಬಳಕಿ ಬಾಗಿದ್ದರೆ 1080ರ ಸಮೀಪ ಅಗಲವಾದ ಗುರುತು ಬೀಳುತ್ತದೆ. ಕೂಟದ ಒಳಗಿನ ಬಾಲಗಳು ಹರಳಿನಲ್ಲಿರುವಂತೆ ಶಿಸ್ತಾಗಿ ನಿಂತಿಲ್ಲ, ದ್ರವ ಎಣ್ಣೆಯಲ್ಲಿರುವಂತೆ ಬಳಕುತ್ತಿವೆ ಎಂಬುದು ಇಂತಹ ಗುರುತುಗಳಿಂದ ಖಚಿತವಾಯಿತು. ಹಾರ್ಟ್‌ಲಿಯವರ ಚಿತ್ರಕ್ಕೆ ಅಣುಗಳೇ ಸಾಕ್ಷಿ ನುಡಿದಂತಾಯಿತು. ಒಳಭಾಗ ದ್ರವವಾಗಿರುವುದರಿಂದಲೇ ಜಿಡ್ಡು ಅದರಲ್ಲಿ ಕರಗಲು ಸಾಧ್ಯ. ಒಳಗೆ ಹರಳಿನಂತಹ ಗಟ್ಟಿತನವಿದ್ದರೆ ಬಟ್ಟೆಯ ಕೊಳೆಗೆ ಅಲ್ಲಿ ಎಡೆಯೆಲ್ಲಿ?

ಈ ಮಾತಿನ ಸತ್ಯವನ್ನು ಬೆಳಗಾವಿಯ ಚಳಿಯಲ್ಲಿ ನೋಡಬಹುದು. ಸುಮಾರು 2500 ಅಡಿ ಎತ್ತರದ ಈ ಊರಿನಲ್ಲಿ ಡಿಸೆಂಬರಿನ ಮುಂಜಾನೆ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ಸೋಡಿಯಂ ಡೊಡೆಸಿಲ್ ಸಲ್ಫೇಟಿನ ಗಾಢ ದ್ರಾವಣ ಸುಮಾರು 16 ಡಿಗ್ರಿಗಿಂತ ಕೆಳಗೆ ಬಹುಕಾಲ ನಿಂತರೆ ಮಬ್ಬಾಗಿ ಹರಳುಗಟ್ಟುತ್ತದೆ. ಆಗ ರೋಹಿತದ ಗೆರೆಗಳು ಚೂಪಾಗಿ, 2849 ಮತ್ತು 2917ರ ಸಮೀಪಕ್ಕೆ ಸರಿಯುತ್ತವೆ. ಬಾಲಗಳು ಸೆಟೆದು ಸಾಲುಗಟ್ಟಿದುದರ ಕುರುಹು ಇದು. ತಣ್ಣೀರಿನಲ್ಲಿ ಕೆಲವು ಸಾಬೂನುಗಳು ಕೆಲಸ ಮಾಡದೆ, ತುಸು ಬೆಚ್ಚಗಿನ ನೀರಿನಲ್ಲಿ ಹದಕ್ಕೆ ಬರುವುದರ ಗುಟ್ಟು ಇಲ್ಲಿದೆ.

ಅಂಟುವಾಳದ ತೊಡಕು

ಹಾಗಾದರೆ ಅಂಟುವಾಳದ ಕಷಾಯವನ್ನು ಲೇಸರಿನ ಮುಂದಿಟ್ಟು ಅದರ ಕೂಟವನ್ನೂ ನೋಡಬಹುದಲ್ಲವೆ? ನೋಡಬಹುದು, ಆದರೆ ಅಷ್ಟು ಸುಲಭವಲ್ಲ. ಕಂದುಬಣ್ಣದ ಆ ಕಷಾಯದಲ್ಲಿ ಸಪೋನಿನ್ನಿನ ಜೊತೆಗೆ ಬಣ್ಣದ ಪದಾರ್ಥಗಳೂ ಇವೆ. ಹಸುರು ಬೆಳಕು ಬಿದ್ದೊಡನೆ ಅವು ಮಿನುಗತೊಡಗುತ್ತವೆ. ಜಾತ್ರೆಯ ಗದ್ದಲದಲ್ಲಿ ತಂಬೂರಿಯ ನಾದದಂತೆ, ಆ ಮಿನುಗಿನಲ್ಲಿ ರಾಮನ್ ಬೆಳಕಿನ ಕ್ಷೀಣವಾದ ಸುಳಿವು ಮುಳುಗಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ 1064 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಲೇಸರನ್ನು ಬಳಸುತ್ತಾರೆ. ಅದಕ್ಕೆ ಬಣ್ಣದ ಪದಾರ್ಥಗಳನ್ನು ಮಿನುಗಿಸುವಷ್ಟು ಶಕ್ತಿಯಿಲ್ಲ. ಆದರೆ ತರಂಗಾಂತರ ಎರಡರಷ್ಟಾದರೆ ಚದರುವ ಬೆಳಕು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗದ್ದಲ ತಗ್ಗಿತು, ಜೊತೆಗೆ ನಾದವೂ ತಗ್ಗಿತು! ಕಷಾಯವನ್ನು ಮೊದಲು ಶುದ್ಧಿಗೊಳಿಸಿ ಸಪೋನಿನ್ನನ್ನು ಬೇರ್ಪಡಿಸಿಕೊಳ್ಳುವುದೇ ಮೇಲು.

ಇನ್ನೊಂದು ಭೇದವನ್ನು ಮರೆಯಲಾಗದು. ಸಪೋನಿನ್ನಿನ ಎಣ್ಣೆಯ ಭಾಗ ಬಳಕುವ ಬಾಲವಲ್ಲ, ಒಂದಕ್ಕೊಂದು ಬೆಸೆದ ಉಂಗುರಗಳ ಚೌಕಟ್ಟು. ಬಾಲ ಸೆಟೆದಿದೆಯೆ, ಬಾಗಿದೆಯೆ ಎಂಬ ಪ್ರಶ್ನೆಯೇ ಅಲ್ಲಿ ಏಳದು. ಸಾಬೂನಿಗಾಗಿ ಕಲಿತ 1060, 1130ರ ಪಾಠವನ್ನು ಅಲ್ಲಿ ಕಣ್ಣುಮುಚ್ಚಿ ಒಪ್ಪಿಸಿದರೆ ತಪ್ಪು ಉತ್ತರ ಬರುತ್ತದೆ. 1000ದಿಂದ 1100ರ ನಡುವೆ ಸಕ್ಕರೆಯ ಕೈಗಳ ಇಂಗಾಲ–ಆಮ್ಲಜನಕ ಬಂಧಗಳೂ ಮಿಡಿಯುತ್ತಿರುತ್ತವೆ. ಒಂದು ಬೀಗದ ಕೀಲಿಕೈ ಎಲ್ಲ ಬೀಗಗಳಿಗೂ ಒಪ್ಪುವುದಿಲ್ಲ. ನಮ್ಮ ಕಾಡಿನ ವಸ್ತುವನ್ನು ಅರಿಯಬೇಕಾದರೆ ಅದಕ್ಕೆ ತಕ್ಕ ಪ್ರಶ್ನೆಗಳನ್ನೇ ಕೇಳಬೇಕಾಗುತ್ತದೆ.

ಬಕೀಟು ಮತ್ತು ಹೊಳೆ

ಈಗ ವಾಚಕರು ನ್ಯಾಯವಾಗಿಯೇ ಕೇಳಬಹುದು: ಈ ಪಾಂಡಿತ್ಯದಿಂದ ಬಟ್ಟೆ ಒಗೆಯುವವರಿಗೆ ಆಗುವ ಪ್ರಯೋಜನವೇನು?

ಮೊದಲನೆಯದು ಮಿತವ್ಯಯ. ಕೂಟದ ಮಿತಿಯನ್ನು ತಲಪುವವರೆಗೆ ನೀರಿನ ಮೇಲ್ಮೈಯ ಬಿಗಿತ ಇಳಿಯುತ್ತ ಬರುತ್ತದೆ. ಅಲ್ಲಿಂದ ಮುಂದೆ ಎಷ್ಟು ಪುಡಿ ಸುರಿದರೂ ಆ ಬಿಗಿತ ಹೇಳಿಕೊಳ್ಳುವಂತೆ ಇಳಿಯದು. ಕೊಳೆಯನ್ನು ಹೊರಲು ಮಿತಿಗಿಂತ ತುಸು ಹೆಚ್ಚು ಬೇಕು, ನಿಜ. ಅದರ ಮೇಲೆ ಸುರಿದ ಪ್ರತಿ ಹಿಡಿಯೂ ಜಾಲಾಡಿಸುವ ನೀರನ್ನು ಹೆಚ್ಚಿಸುತ್ತದೆಯೇ ಹೊರತು ಬಟ್ಟೆಯ ಬಿಳುಪನ್ನು ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಸುವುದಿಲ್ಲ. ಜೊತೆಗೆ ಲವಣಗಳು ಈ ಮಿತಿಯನ್ನು ಕೆಳಗಿಳಿಸುತ್ತವೆ. ಲೀಟರಿಗೆ ಸುಮಾರು 6 ಗ್ರಾಂ ಅಡುಗೆಯುಪ್ಪು ಬೆರೆತರೆ ಸೋಡಿಯಂ ಡೊಡೆಸಿಲ್ ಸಲ್ಫೇಟಿನ ಮಿತಿ 2.4 ಗ್ರಾಮಿನಿಂದ ಅರ್ಧ ಗ್ರಾಮಿನ ಸಮೀಪಕ್ಕೆ ಇಳಿಯುತ್ತದೆ. ತಲೆಗಳ ಆವೇಶಗಳು ಒಂದನ್ನೊಂದು ದೂಡುವುದನ್ನು ಉಪ್ಪು ತಗ್ಗಿಸುವುದೇ ಇದಕ್ಕೆ ಕಾರಣ. ಪುಡಿಯಲ್ಲಿ ಲವಣಗಳಿರುವುದು ಬರಿಯ ತೂಕಕ್ಕಾಗಿ ಎಂದು ಎಲ್ಲ ಸಂದರ್ಭಗಳಲ್ಲಿಯೂ ಶಂಕಿಸಬೇಕಾಗಿಲ್ಲ.

ಎರಡನೆಯದು ನೊರೆಯ ಭ್ರಮೆ. ನೊರೆ ಬಂದರೆ ಸಾಬೂನು ಚೆನ್ನಾಗಿದೆಯೆಂದೂ ನೊರೆಯೇ ಕೊಳೆಯನ್ನು ತೆಗೆಯುವುದೆಂದೂ ಜನ ನಂಬುತ್ತಾರೆ. ನೊರೆ ಎಂಬುದು ಮೇಲ್ಮೈಯನ್ನು ಸೇರಿದ ಅಣುಗಳ ಆಟ. ಕೂಟ ಕಟ್ಟದಷ್ಟು ತೆಳುವಾದ ದ್ರಾವಣದಲ್ಲಿಯೂ ನೊರೆ ಏಳಬಹುದು.

ಹೊಳೆಯ ಮಾತು ಬರುವುದು ಇಲ್ಲಿಯೇ. ಒಗೆದ ನೀರು ಮಲಪ್ರಭೆಯ ಹರಿವನ್ನು ಸೇರಿದೊಡನೆ ತೆಳುವಾಗಿ, ಮಿತಿಗಿಂತ ಬಹಳ ಕೆಳಗಿಳಿಯುತ್ತದೆ. ಕ್ಷಣಮಾತ್ರದಲ್ಲಿ ಕೂಟಗಳು ಒಡೆದುಹೋಗುತ್ತವೆ. ಆದರೆ ಒಂಟಿ ಅಣುಗಳು ಉಳಿದೇ ಇರುತ್ತವೆ. ಅವು ನೀರಿನ ಮೇಲ್ಮೈಯನ್ನು ಸಡಿಲಿಸುತ್ತವೆ. ಮೀನಿನ ಕಿವಿರುಗಳನ್ನು ಬಾಧಿಸುತ್ತವೆ. ಅಂಟುವಾಳದಂತಹ ಸಪೋನಿನ್ನುಳ್ಳ ಕಾಯಿಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಹಳೆಯ ರೂಢಿಯನ್ನು ಕೇಳಿದವರಿಗೆ ಇದು ಹೊಸದಲ್ಲ. ಕಾಡಿನದೆಂದ ಮಾತ್ರಕ್ಕೆ ನಿರಪಾಯವೆಂದು ಹೇಳಲಾಗದು, ಪ್ರಮಾಣವೇ ಮುಖ್ಯ.

ಕೃತಕ ಮಾರ್ಜಕಗಳ ಇತಿಹಾಸದಲ್ಲಿ ಇದಕ್ಕೆ ದೊಡ್ಡ ದೃಷ್ಟಾಂತವಿದೆ. 1950ರ ದಶಕದಲ್ಲಿ ಯೂರೋಪು, ಅಮೆರಿಕಗಳ ನದಿಗಳ ಮೇಲೆ ನೊರೆಯ ಗುಡ್ಡೆಗಳು ತೇಲತೊಡಗಿದವು. ಆಗಿನ ಮಾರ್ಜಕಗಳ ಬಾಲಗಳು ಕವಲೊಡೆದಿದ್ದವು. ನೀರಿನ ಸೂಕ್ಷ್ಮಜೀವಿಗಳಿಗೆ ಅವನ್ನು ಜೀರ್ಣಿಸಿಕೊಳ್ಳುವುದು ಕಠಿನವಾಗಿತ್ತು. 1960ರ ದಶಕದ ಮಧ್ಯದಲ್ಲಿ ತಯಾರಕರು ನೇರವಾದ ಬಾಲದ ಮಾರ್ಜಕಗಳಿಗೆ ತಿರುಗಿದರು. ಬಾಲದ ಆಕಾರದಲ್ಲಿ ಅಷ್ಟು ಬದಲಾವಣೆಯಾದುದರಿಂದ ಹಲವು ನದಿಗಳು ಉಸಿರಾಡಿದವು. ಆದರೆ ಸೂಕ್ಷ್ಮಜೀವಿಗಳಿಗೆ ಈ ಕೆಲಸಕ್ಕೆ ಪ್ರಾಣವಾಯು ಬೇಕು, ಕಾಲವೂ ಬೇಕು. ಕೊಳಚೆಯಿಂದ ಉಸಿರುಗಟ್ಟಿದ ನೀರಿನಲ್ಲಿ ಎರಡೂ ದೊರೆಯುವುದಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಯ ಮೇಲೆ ಹಾರಿಬಂದುದನ್ನು ನಾಡೆಲ್ಲ ನೋಡಿತು.

ಮಳೆಗಾಲದಲ್ಲಿ ಖಾನಾಪುರದ ಮಲಪ್ರಭೆ ದಡ ಮೀರಿ ಹರಿಯುತ್ತಾಳೆ. ಅದೇ ಹೊಳೆ ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳ ನಡುವೆ ಬಡಕಲಾಗಿ ಮಡುಗಳಲ್ಲಿ ನಿಂತಿರುತ್ತದೆ. ಶ್ರಾವಣದಲ್ಲಿ ಹೊಳೆಗೆ ಲೆಕ್ಕಕ್ಕೇ ಬಾರದ ಒಂದು ಹಿಡಿ ಪುಡಿ ವೈಶಾಖದ ಮಡುವಿನ ಮೀನಿಗೆ ಪ್ರಾಣಸಂಕಟವಾಗಬಹುದು. ಬಟ್ಟೆಯ ಒಂದೇ ಗಂಟು, ಪುಡಿಯ ಒಂದೇ ಅಳತೆ. ನೀರಿನ ಪ್ರಮಾಣ ಮಾತ್ರ ಬೇರೆ. ಬೇಸಗೆಯಲ್ಲಿ ಮಡುವಿನೊಳಗೆ ಒಗೆಯದೆ, ಕೊಡದಿಂದ ನೀರು ಮೊಗೆದುಕೊಂಡು ದಡದಿಂದ ದೂರದಲ್ಲಿ ಒಗೆದು ಕೊಳೆನೀರನ್ನು ಮಣ್ಣಿಗೆ ಚೆಲ್ಲಿದರೆ, ಮಣ್ಣಿನ ಜೀವಿಗಳು ಅದನ್ನು ಜೀರ್ಣಿಸಿಕೊಳ್ಳುತ್ತವೆ. ಇದಕ್ಕೆ ಯಾವ ಲೇಸರೂ ಬೇಡ.

ಮನೆಯಲ್ಲಿಯೇ ಒಂದು ಪರೀಕ್ಷೆ

ಲೇಸರಿಲ್ಲದೆಯೂ ಕೂಟದ ಮಿತಿಯನ್ನು ಹೆಚ್ಚುಕಡಿಮೆ ಗುರುತಿಸುವ ಉಪಾಯವೊಂದಿದೆ. ಶಾಲೆಯ ವಿಜ್ಞಾನದ ಉಪಾಧ್ಯಾಯರೂ ಕುತೂಹಲವುಳ್ಳ ತಾಯಂದಿರೂ ಇದನ್ನು ಮಾಡಿ ನೋಡಬಹುದು. ಹತ್ತು ಅಂಟುವಾಳದ ಕಾಯಿಗಳ ಬೀಜ ತೆಗೆದು ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಗ್ಗೆ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿರಿ. ಅದರಲ್ಲಿ ಅರ್ಧ ಲೋಟ ತೆಗೆದು ಅಷ್ಟೇ ನೀರು ಬೆರೆಸಿರಿ; ಆ ಮಿಶ್ರಣದಲ್ಲಿ ಮತ್ತೆ ಅರ್ಧ ತೆಗೆದು ಅಷ್ಟೇ ನೀರು ಬೆರೆಸಿರಿ. ಹೀಗೆ ಎಂಟು ಹತ್ತು ಬಾರಿ ಮಾಡಿ ಎಲ್ಲವನ್ನೂ ಸಾಲಾಗಿಡಿರಿ. ಔಷಧ ಹಾಕುವ ಒಂದೇ ಡ್ರಾಪರಿನಿಂದ ಮೊದಲು ಬರಿಯ ನೀರನ್ನೂ, ಆಮೇಲೆ ಅತಿ ತೆಳುವಾದುದರಿಂದ ಆರಂಭಿಸಿ ಒಂದೊಂದು ದ್ರಾವಣವನ್ನೂ ನಿಧಾನವಾಗಿ ಬಿಡುತ್ತ, ಒಂದೇ ಅಳತೆಗೆ ಎಷ್ಟು ಹನಿಗಳಾದವೆಂದು ಎಣಿಸಿರಿ. ಡ್ರಾಪರನ್ನು ಪ್ರತಿಸಲವೂ ನೆಟ್ಟಗೆ ಹಿಡಿಯುವುದು ಅಗತ್ಯ.

ಮೇಲ್ಮೈಯ ಬಿಗಿತವೇ ಹನಿಯನ್ನು ಕೊಳವೆಯ ತುದಿಯಲ್ಲಿ ಹಿಡಿದಿಡುವ ಕೈ. ಬಿಗಿತ ತಗ್ಗಿದರೆ ಹನಿ ಚಿಕ್ಕದಾಗಿಯೇ ಕಳಚಿಬೀಳುತ್ತದೆ. ಅದರಿಂದ ಹನಿಗಳ ಸಂಖ್ಯೆ ಏರುತ್ತದೆ. ದ್ರಾವಣ ಗಾಢವಾಗುತ್ತ ಹೋದಂತೆ ಸಂಖ್ಯೆ ಏರುತ್ತ ಬಂದು ಒಂದು ಹಂತದಲ್ಲಿ ನಿಂತುಬಿಡುವುದನ್ನು ಕಾಣುವಿರಿ. ಆ ಹಂತವೇ ಕೂಟದ ಮಿತಿ. ಪೇಟೆಯ ಪುಡಿಯನ್ನು ತೂಗಿ ಕರಗಿಸಿ ಇದೇ ಪರೀಕ್ಷೆ ಮಾಡಿದರೆ, ಬಕೀಟಿಗೆ ಎಷ್ಟು ಚಮಚ ಸಾಕೆಂಬ ಅಂದಾಜು ನಿಮ್ಮ ಕೈಗೇ ಸಿಗುತ್ತದೆ. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಮಕ್ಕಳು ಮಾಡುವಾಗ ಹಿರಿಯರು ಹತ್ತಿರವಿರಲಿ. ಉಳಿದ ನೀರನ್ನು ಮೀನಿರುವ ತೊಟ್ಟಿಗಾಗಲಿ ಬಾವಿಗಾಗಲಿ ಚೆಲ್ಲಬಾರದು. ಪಾತ್ರೆ ಬೆಳಗಲು ಬಳಸಿರಿ.

ಎಣಿಕೆಯನ್ನು ಕಾಗದದ ಮೇಲೆ ಅಚ್ಚುಕಟ್ಟಾಗಿ ಬರೆದಿಟ್ಟುಕೊಳ್ಳಿರಿ. ಅದೇ ಕಾಯಿಯನ್ನು ಮಳೆಗಾಲದ ನೀರಿನಲ್ಲೊಮ್ಮೆ, ಬೇಸಗೆಯ ಬಾವಿಯ ನೀರಿನಲ್ಲೊಮ್ಮೆ ನೆನೆಯಿಟ್ಟು ಪರೀಕ್ಷಿಸಿದರೆ, ಎರಡು ಋತುಗಳ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯವಾಗುತ್ತದೆ.